ಕುದುರಿ ಬೆನ್ನು ಬಿಗಿ ಹಿಡದೈತಿ, ಮಸಾಜ್ ಮಾಡ್ಲೇನ್ರಿ?

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಕಾರಟಗಿ ಹತ್ರ ಹಳ್ಳಿ. ಒಂದು ಬಿಳಿ ಹೆಣ್ ಕುದುರಿ ಐತಿ, ರಾಣಿ ಅಂತ ಕರೀತೀವಿ, ಒಂಬತ್ತು ವರ್ಷದ್ದು, ಮದುವಿ ಮೆರವಣಿಗಿಗೆ ಬಿಡ್ತೀವಿ. ಎರಡು ತಿಂಗಳಿಂದ ಜೀನು ಹಾಕಾಕ ಹೋದ್ರ ಬೆನ್ನು ಕೆಳಗ ಇಳಸ್ತಾಳ, ಕಿವಿ ಹಿಂದ ಹಾಕಿ ಕಚ್ಚಾಕ ಬರ್ತಾಳ, ಎಡಕ್ಕ ತಿರುಗಾಕ ಒಲ್ಲೆ ಅಂತಾಳ. ಬೆನ್ನು ಮುಟ್ಟಿದ್ರ ಕಲ್ಲಿನಂಗ ಹತ್ತತೈತಿ. ಒಬ್ರು ಎಳ್ಳೆಣ್ಣಿ ಕಾಸಿ ತಿಕ್ಕು ಅಂದ್ರು, ಇನ್ನೊಬ್ರು ಬರಿ ಹಾಕ್ಸು ಅಂದ್ರು. ಮೊಬೈಲ್‌ನ್ಯಾಗ ಫಾರಿನ್‌ನೋರು ಮೊಳಕೈಲೆ ಒತ್ತಿ ಮಸಾಜ್ ಮಾಡೋದು ನೋಡೀನಿ. ಅದು ಖರೇನ ಕೆಲಸ ಮಾಡತೈತೇನ್ರಿ? ನಾವ ಮನ್ಯಾಗ ಮಾಡಬಹುದಾ? ಮಸಾಜ್ ಗನ್ ಅಂತ ಒಂದು ಮಷಿನ್ ಬರತೈತಲ್ಲ, ಅದನ್ನ ತಗೊಳ್ಳೇನು?

ಉತ್ತರ: ಬರಿ ಹಾಕ್ಸಬ್ಯಾಡ್ರಿ. ಉಳಿದದ್ದು ನಿಧಾನಕ್ಕ ಮಾತಾಡೋಣ, ಇದೊಂದು ಮೊದಲ ಹೇಳಿಬಿಡ್ತೀನಿ. ಕಾಯ್ದ ಕಬ್ಬಿಣ ಇಟ್ರ ಒಳಗಿನ ನೋವು ಹೋಗತೈತಿ ಅನ್ನೋದು ಎತ್ತಿಗೂ ಸುಳ್ಳು, ಕುದುರಿಗೂ ಸುಳ್ಳು. ಸುಟ್ಟ ಗಾಯದ ಉರಿಯೊಳಗ ಹಳೇ ನೋವು ಮರೆತಂಗ ಆಗತೈತಿ ಅಷ್ಟ, ಆಮ್ಯಾಲ ಗಾಯ ಮಾಯೋತನಕ ಹದಿನೈದು ಇಪ್ಪತ್ತು ದಿನ ಕೆಲಸಕ್ಕ ಹಚ್ಚಂಗಿಲ್ಲಲ್ರಿ, ಆ ರೆಸ್ಟ್‌ನಿಂದ ಸ್ವಲ್ಪ ಆರಾಮ ಆಗತೈತಿ, ಹೆಸರು ಮಾತ್ರ ಬರಿ ಹಾಕಿದೋನಿಗೆ ಬರತೈತಿ. ಬರಿ ಇಲ್ದ ಅಷ್ಟ ದಿನ ರೆಸ್ಟ್ ಕೊಟ್ರ ಅದ ಆರಾಮ ಸಿಗತೈತಿ, ಚರ್ಮನೂ ಉಳೀತೈತಿ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಕೈಲೆ ಮುಟ್ಟಿ ಮಾಡೋ ಕೆಲಸ ಕುದುರಿಗೆ ಒಳ್ಳೇದೇನು ಅಂದ್ರ, ಹೌದು, ಒಳ್ಳೇದು. ಆದ್ರ ನೀವು ಅನ್ಕೊಂಡ ರೀತಿ ಅಲ್ಲ. ನಾನು ಬಳ್ಳಾರಿಯಾಗ ಪಶು ಡಾಕ್ಟರ್ ಕೆಲಸ ಮಾಡ್ತಾ ಜಾಸ್ತಿ ನೋಡಿದ್ದು ಎಮ್ಮಿ ಆಕಳಾನ, ಕುದುರಿ ಅಂದ್ರ ಮೊದಲ ಟಾಂಗಾದವು ಬರ್ತಿದ್ದವು, ಈಗ ಮದುವಿ ಕುದುರಿ ಬರ್ತಾವ. ಇಷ್ಟು ವರ್ಷದಾಗ ನನಗ ತಿಳದದ್ದು ಏನಂದ್ರ, ಬೆನ್ನು ಬಿಗಿ ಆಗೋದು ಅದರಷ್ಟಕ್ಕ ಅದ ಬರೋ ರೋಗ ಅಲ್ಲ. ಎಲ್ಲೋ ಒಂದು ಕಡಿ ನೋವು ಇರತೈತಿ, ಆ ನೋವು ತಪ್ಪಿಸ್ಕೊಳ್ಳಾಕ ಮೈ ಬಿಗಿ ಹಿಡೀತಾವ. ನೀವು ಬಿಗಿ ಸಡಿಲ ಮಾಡಿ ಮೂಲ ಹಂಗ ಬಿಟ್ರ ಮರುದಿನ ಜೀನು ಬಿದ್ದ ಅರ್ಧ ತಾಸಿಗೆ ಮತ್ತ ಅದ ಕಲ್ಲು. ಅದಕ್ಕ ನಾನು ಕೈ ಬಳಸೋದು ಮೊದಲ ಹುಡುಕಾಕ, ಸಡಿಲ ಮಾಡೋದು ಎರಡನೇ ಕೆಲಸ.

ಮುಟ್ಟೋದ್ರಿಂದ ಖರೇನ ಏನರ ಆಗತೈತೇನು ಅನ್ನೋರಿಗೆ ಒಂದು ಉದಾಹರಣಿ. ಎರಡು ಕುದುರಿ ಬಯಲಾಗ ಬಿಟ್ರ ನೋಡಿರ್ತೀರಿ, ಒಂದಕ್ಕೊಂದು ಎದುರು ಬದುರು ನಿಂತು ಜೂಲು ಮುಗಿಯೋ ಜಾಗದಾಗ, ಹೆಗಲ ದಿಬ್ಬದ ಹತ್ರ, ಹಲ್ಲಿಲೆ ಮೆಲ್ಲಕ ಕೆರ್ಕೊಂತ ನಿಂತಿರ್ತಾವ. ಫ್ರಾನ್ಸಿನ ಕಮಾರ್ಗ್ ಕುದುರಿಗಳ ಮ್ಯಾಲ ಮಾಡಿದ ಒಂದು ಅಧ್ಯಯನ 1993ರಾಗ ಬಂತು, ಮನಶ್ಯಾರು ಅದ ಜಾಗಾನ ಕೈಲೆ ಕೆರದ್ರ ಕುದುರಿ ಎದಿಬಡಿತ ಕಡಿಮಿ ಆಗತೈತಿ, ಬ್ಯಾರೆ ಜಾಗ ಕೆರದ್ರ ಹಂಗ ಆಗಂಗಿಲ್ಲ ಅಂತ ಅದರಾಗ ಕಂಡುಬಂತು. ಅಂದ್ರ ಎಲ್ಲಿ ಮುಟ್ತೀರಿ ಅನ್ನೋದು ಭಾಳ ಮುಖ್ಯ, ಎಷ್ಟು ಜೋರು ಮುಟ್ತೀರಿ ಅನ್ನೋದು ಆಮ್ಯಾಲಿನ ಮಾತು. ನೊಣ ಕುಂತ್ರ ಬರೇ ಅಷ್ಟ ಜಾಗದ ಚರ್ಮ ಅದುರ್ಸೋ ಪ್ರಾಣಿಗೆ ಮೊಳಕೈ ಯಾಕ ಬೇಕ್ರಿ.

ವಿಡಿಯೋದಾಗ ನೋಡಿದ್ದು ಸುಳ್ಳು ಅಂತ ಹೇಳಂಗಿಲ್ಲ. ಅಮೆರಿಕದಾಗ ಜ್ಯಾಕ್ ಮೀಗರ್ ಅನ್ನೋರು ಆಟಗಾರರಿಗೆ ಮಾಡೋ ಮಸಾಜ್‌ನ ಕುದುರಿಗೆ ತಂದ್ರು, ಅದು ಸ್ವಲ್ಪ ಆಳಕ್ಕ ಒತ್ತೋ ಪದ್ಧತಿ. ಲಿಂಡಾ ಟೆಲಿಂಗ್ಟನ್ ಜೋನ್ಸ್ ಅನ್ನೋ ಹೆಣ್ಮಗಳು ಬೆರಳ ತುದೀಲೆ ಚರ್ಮ ಅಷ್ಟ ಸಣ್ಣ ಸುತ್ತು ತಿರುಗಿಸೋ ಪದ್ಧತಿ ಶುರು ಮಾಡಿದ್ರು. ಈಚೆಗೆ ಜಿಮ್ ಮಾಸ್ಟರ್‌ಸನ್ ಅಂತ ಒಬ್ರು, ಅವರದ್ದು ಇನ್ನೂ ಹಗುರ, ಕೈ ಇಟ್ಟಂಗ ಇಡಬೇಕು, ಕುದುರಿ ಕಣ್ಣು ಮಿಟುಕಿಸಿದ್ದು ನೋಡ್ಕೊಂತ ಅಲ್ಲೇ ಕಾಯಬೇಕು. ನನ್ನ ಕೈಗೆ ಹೊಂದಿದ್ದು ಈ ಹಗುರದ್ದ. ಇನ್ನೊಂದು ವಿಷಯ, ಆ ವಿಡಿಯೋದಾಗಿನ ಕುದುರಿ ಐದುನೂರು ಆರುನೂರು ಕೆಜಿ ತೂಕದವು, ಬೆನ್ನ ಮ್ಯಾಲ ನಾಲ್ಕು ಬೆರಳು ದಪ್ಪ ಮಾಂಸ ಇರತೈತಿ. ನಮ್ಮ ಕಡಿ ಕುದುರಿಗೆ ಪಕ್ಕೆಲುಬು ಎಣಿಸಬಹುದು. ಅದರ ಮ್ಯಾಲ ಮೊಳಕೈ ಊರಿದ್ರ ಎಲುಬಿಗೆ ಹತ್ತತೈತಿ. ಮತ್ತ ಯಾರರ ಬಂದು ಬೆನ್ನೆಲುಬು ಜಾರೇತಿ, ಕೂಡಿಸಿ ಕೊಡ್ತೀನಿ ಅಂದ್ರ ನಂಬಬ್ಯಾಡ್ರಿ, ಕುದುರಿ ಬೆನ್ನೆಲುಬು ಹಂಗ ಜಾರಂಗಿಲ್ಲ, ಕೈಲೆ ಕೂಡಿಸಾಕೂ ಬರಂಗಿಲ್ಲ.

ಇನ್ನ ನನ್ನ ತಪ್ಪು ಒಂದು ಹೇಳ್ತೀನಿ, ಯಾಕಂದ್ರ ನೀವೂ ಅದನ್ನ ಮಾಡೋ ಚಾನ್ಸ್ ಐತಿ. ನಾನು ಇದನ್ನ ಹೊಸದಾಗಿ ಕಲ್ತು ಬಂದ ವರ್ಷ, ಕೌಲ್ ಬಜಾರ್ ಕಡಿಯಿಂದ ಒಂದು ಸೋಮವಾರ ಮುಂಜಾನೆ ಫೋನ್ ಬಂತು. ಟಾಂಗಾ ಕುದುರಿ, ಶನಿವಾರತನಕ ದುಡದಿತ್ತು, ರವಿವಾರ ಇಡೀ ದಿನ ನಿಂತಲ್ಲೇ ನಿಂತಿತ್ತು, ಆದ್ರ ಕಡ್ಲಿ ಹುರುಳಿ ಮಾತ್ರ ದಿನಾ ಕೊಟ್ಟಷ್ಟ ಕೊಟ್ಟಿದ್ರು. ಸೋಮವಾರ ಗಾಡಿಗೆ ಹೂಡಿ ಅರ್ಧ ಕಿಲೋಮೀಟರ್ ಹೋಗಿಲ್ಲ, ನಿಂತುಬಿಡ್ತು. ಬೆವರು ಸುರಿಯಾಕತ್ತಿತ್ತು, ಹಿಂದಿನ ತೊಡಿ ಕಟಗಿಯಂಗ ಆಗಿತ್ತು. ನಾನು ಹುರುಪಿಲೆ ಇಪ್ಪತ್ತು ನಿಮಿಷ ಒತ್ತಿ ಒತ್ತಿ ತಿಕ್ಕಿದೆ, ಆಮ್ಯಾಲ ಸಡಿಲ ಆಗ್ಲಿ ಅಂತ ನಡಸಾಕ ಹೇಳಿದೆ. ಹತ್ತು ಹೆಜ್ಜಿ ಹಾಕಿದ್ದಕ್ಕ ಉಚ್ಚಿ ಹೊಯ್ತು, ಬಣ್ಣ ಡಿಕಾಕ್ಷನ್ನಂಗ. ಆಗ ನನಗ ಕೈಕಾಲು ತಣ್ಣಗಾದವು. ಅದು ಮಸಲ್ ಬಿಗಿ ಅಲ್ರಿ, ಮಸಲ್ ಒಳಗಿಂದ ಒಡೆಯೋದು, ಒಡೆದದ್ದು ರಕ್ತಕ್ಕ ಸೇರಿ ಮೂತ್ರಪಿಂಡಕ್ಕ ಹೋಗಿ ಅಲ್ಲಿ ಕೆಡಸತೈತಿ. ಹಂಗ ಆದಾಗ ಒತ್ತೋದೂ ತಪ್ಪು, ನಡಸೋದೂ ತಪ್ಪು. ನಿಂತ ಜಾಗದಾಗ ನಿಲ್ಸಿ, ನೆರಳು ಮಾಡಿ, ನೀರಿಟ್ಟು ಡಾಕ್ಟರ್ ಕರೆಸೋದು ಒಂದ ದಾರಿ. ಕುದುರಿ ಬದುಕ್ತು, ಸಲೈನ್ ಏರಿಸಿ ಉಳಿಸಿದ್ವಿ, ಆದ್ರ ಒಂದೂವರಿ ತಿಂಗಳು ಆ ಮನಿಗೆ ದುಡಿಮಿ ಇಲ್ಲ. ಅವರು ನನಗ ಏನೂ ಅನ್ನಲಿಲ್ಲ, ಅದ ಜಾಸ್ತಿ ಚುಚ್ಚತೈತಿ. ನಿಮಗೂ ಅದಕ್ಕ ಹೇಳ್ತೀನಿ, ಮದುವಿ ಇಲ್ದ ದಿನ ಕಾಳು ಅರ್ಧಕ್ಕರ್ಧ ಇಳಸ್ರಿ, ಹುಲ್ಲು ಸೊಪ್ಪಿ ಹೊಟ್ಟಿ ತುಂಬ ಹಾಕ್ರಿ.

ಹಂಗಾಗಿ ಕೈ ಇಡೋ ಮೊದಲು ಥರ್ಮಾಮೀಟರ್ ಇಡ್ರಿ. ಮೆಡಿಕಲ್ ಶಾಪ್‌ನ್ಯಾಗ ಸಿಗೋ ಸಾದಾ ಡಿಜಿಟಲ್ ಸಾಕು, ತುದಿಗೆ ಸ್ವಲ್ಪ ಎಣ್ಣಿ ಹಚ್ಚಿ ಗುದದ್ವಾರದಾಗ ಇಡಬೇಕು, ಜಾರಿ ಒಳಗ ಹೋಗದಂಗ ದಾರ ಕಟ್ಕೊಳ್ರಿ. 37.5 ರಿಂದ 38.5 ಡಿಗ್ರಿ ಸೆಲ್ಸಿಯಸ್ ಒಳಗ ಇದ್ರ ನಾರ್ಮಲ್. ದವಡಿ ಕೆಳಗ ಬೆರಳು ಇಟ್ಟು ನಾಡಿ ಹಿಡೀರಿ, ಆರಾಮ ನಿಂತಾಗ ನಿಮಿಷಕ್ಕ 28 ರಿಂದ 44. ಜ್ವರ ಇದ್ರ, ಬೆವರಾಕತ್ತಿದ್ರ, ಉಚ್ಚಿ ಬಣ್ಣ ಕೆಟ್ಟಿದ್ರ, ಹೊಟ್ಟಿ ಕಡಿ ತಿರುಗಿ ತಿರುಗಿ ನೋಡಿ ಹೊರಳಾಕತ್ತಿದ್ರ, ಮುಂಗಾಲು ಮುಂದ ಚಾಚಿ ಭಾರ ಎಲ್ಲ ಹಿಂದ ಹಾಕಿ ನಿಂತಿದ್ರ, ಗೊರಸು ಬಿಸಿ ಇದ್ರ, ಯಾವುದರ ಕಾಲು ಕುಂಟಾಕತ್ತಿದ್ರ, ಅವತ್ತು ಮಸಾಜ್ ಮಾತ ಬ್ಯಾಡ. 1962ಕ್ಕ ಫೋನ್ ಹಚ್ರಿ, ಪಶು ಸಂಜೀವಿನಿ ಗಾಡಿ ಬರತೈತಿ, ಇಲ್ಲಂದ್ರ ತಾಲೂಕಿನ ಪಶು ಆಸ್ಪತ್ರಿಗೆ ಹೇಳ್ರಿ. ಇದರಾಗ ಒಂದು ಭಾಳ ಜನರಿಗೆ ಗೊತ್ತಿಲ್ಲ, ಧನುರ್ವಾಯು. ಕುದುರಿಗೆ ಧನುರ್ವಾಯು ತಗಲಿದಷ್ಟು ಸುಲಭ ಬ್ಯಾರೆ ಯಾವ ಸಾಕು ಪ್ರಾಣಿಗೂ ತಗಲಂಗಿಲ್ಲ. ಗೊರಸಿನಾಗ ಮೊಳೆ ನೆಟ್ಟು ಹತ್ತು ಹದಿನೈದು ದಿನಕ್ಕ ಕುತ್ತಿಗಿ ಬಿಗಿ, ಬೆನ್ನು ಬಿಗಿ, ಬಾಲ ಎತ್ತಿ ಕಟಗಿ ಕುದುರಿಯಂಗ ನಿಲ್ತಾವ, ಸಪ್ಪಳ ಆದ್ರ ಕಣ್ಣಿನ ಒಳ ಮೂಲಿಯಿಂದ ಒಂದು ಬಿಳಿ ಪೊರಿ ಸರಕ್ಕಂತ ಅಡ್ಡ ಬರತೈತಿ. ಆ ಪೊರಿ ಕಂಡ್ರ ಕೈ ಹಚ್ಚಬ್ಯಾಡ್ರಿ, ಕತ್ತಲ ಮಾಡಿ ಸಪ್ಪಳ ಇಲ್ದ ಜಾಗದಾಗ ನಿಲ್ಸಿ ಡಾಕ್ಟರ್ ಕರೀರಿ. ರಾಣಿಗೆ ಟಿಟಿ ಹಾಕ್ಸೀರೇನು ಅಂತ ಬರದಿಲ್ಲ, ಹಾಕ್ಸಿಲ್ಲಂದ್ರ ಈ ವಾರ ಹಾಕ್ಸ್ರಿ.

ಎರಡು ತಿಂಗಳಿಂದ ಒಂದ ಥರ ಐತಿ, ಮೇವು ತಿಂತಾಳ, ಜೀನು ಹಾಕುವಾಗ ಮಾತ್ರ ತಕರಾರು ಅಂದ್ರ ನನ್ನ ಡೌಟು ಸೀದಾ ಜೀನಿನ ಮ್ಯಾಲ. ನೀವು ಕಚ್ಚಾಕ ಬರ್ತಾಳ ಅಂತ ಬರದ ರೀತಿ ನೋಡಿದ್ರ ಆಕಿದು ಸೊಕ್ಕು ಅನ್ಕೊಂಡೀರಿ ಅನ್ನಸ್ತು. ಇಂಗ್ಲೆಂಡಿನ ಡಾಕ್ಟರ್ ಸ್ಯೂ ಡೈಸನ್ ಅನ್ನೋರು ಸವಾರಿ ಕುದುರಿಯಾಗ 24 ನಡವಳಿಕಿ ಪಟ್ಟಿ ಮಾಡ್ಯಾರ, ಕಿವಿ ಹಿಂದ ಹಾಕಿ ಐದು ಸೆಕೆಂಡಿಗಿಂತ ಜಾಸ್ತಿ ಇಡೋದು, ಬಾಯಿ ತೆಗೆದು ಮುಚ್ಚೋದು, ಬಾಲ ಬೀಸೋದು ಇಂಥವು, ಅದರಾಗ ಎಂಟು ಇಲ್ಲ ಅದಕ್ಕಿಂತ ಜಾಸ್ತಿ ಕಂಡ್ರ ಎಲ್ಲೋ ನೋವು ಇರೋ ಸಾಧ್ಯತಿ ಭಾಳ ಅಂತ ಅವರ ಲೆಕ್ಕ. ನಮ್ಮ ಮದುವಿ ಕುದುರಿಗೋಳನ್ನ ಬ್ಯಾಂಡ್ ಮುಂದ ನಿಲ್ಸಿ ಎಣಿಸಿದ್ರ ಬೆರಳ ಸಾಲಂಗಿಲ್ಲ.

ಜೀನು ಹೆಂಗ ನೋಡ್ಬೇಕಂದ್ರ, ಮೆರವಣಿಗಿ ಮುಗಿಸಿ ಬಂದ ತಕ್ಷಣ ಜೀನು ತೆಗೆದು ಕೆಳಗಿನ ಬಟ್ಟಿ ಎತ್ತಿ ಬೆನ್ನ ಮ್ಯಾಲಿನ ಬೆವರು ನೋಡ್ರಿ. ಸುತ್ತ ಒದ್ದಿ ಆಗಿ ನಡುವ ಅಂಗೈ ಅಗಲ ಒಣ ಜಾಗ ಇದ್ರ ಅಲ್ಲಿ ಜೀನು ಒತ್ತಾಕತ್ತೈತಿ ಅಂತ, ಅಷ್ಟು ಒತ್ತಿದ್ರ ಅಲ್ಲಿ ಬೆವರು ಸೈತ ಬರಂಗಿಲ್ಲ. ಕಪ್ಪು ಕೆಂಪು ಕುದುರಿ ಆಗಿದ್ರ ಅಂಥ ಜಾಗದಾಗ ಬಿಳಿ ಕೂದಲ ಬಂದಿರತೈತಿ, ಹಳೇ ಒತ್ತಿನ ಗುರುತು ಅದು, ನಿಮ್ದು ಬಿಳಿ ಕುದುರಿ ಆದ್ದರಿಂದ ಅದು ಕಾಣಂಗಿಲ್ಲ, ಕೈಲೆ ನೋಡ್ಬೇಕು. ಮದುವಿ ಜೀನು ಅಂದ್ರ ಗೊತ್ತಲ್ರಿ, ಮ್ಯಾಲ ಜರಿ ಮಿಂಚು ಮಖ್ಮಲ್ಲು, ಒಳಗ ಕಟಗಿ ಚೌಕಟ್ಟು, ಅದೂ ಯಾವುದೋ ದೊಡ್ಡ ಕುದುರಿಗೆ ಮಾಡಿದ್ದು ಕೈ ಬದ್ಲಾಗಿ ನಿಮ್ಮ ಹತ್ರ ಬಂದಿರತೈತಿ. ಹೆಗಲ ದಿಬ್ಬಕ್ಕ ತಾಗಬಾರದು, ಬೆನ್ನೆಲುಬಿನ ಮ್ಯಾಲ ಉದ್ದಕ್ಕ ಬೆಳಕು ಕಾಣಬೇಕು, ಹಿಂದ ಕಡೇ ಪಕ್ಕೆಲುಬು ದಾಟಬಾರದು. ಕಡೇ ಪಕ್ಕೆಲುಬಿನ ಹಿಂದ ಬೆನ್ನಿಗೆ ಕೆಳಗಿಂದ ಆಸರ ಇಲ್ಲ, ಅಲ್ಲಿ ಭಾರ ಬಿದ್ರ ನೀವು ಹೇಳಿದಂಗ ಬೆನ್ನು ಕೆಳಗ ಇಳಸ್ತಾವ.

ತೂಕದ್ದೂ ಒಂದು ಲೆಕ್ಕ ಹಾಕೋಣ. ಟೇಲರ್ ಟೇಪ್ ತಗೊಂಡು ಮುಂಗಾಲಿನ ಹಿಂದ ಎದಿ ಸುತ್ತಳತಿ ಸೆಂಟಿಮೀಟರಿನಾಗ ತಗೊಳ್ರಿ, ಆಮ್ಯಾಲ ಹೆಗಲಿನ ಮುಂದಿನ ಎಲುಬಿನಿಂದ ಹಿಂದ ಕುಂಡಿ ಎಲುಬಿನತನಕ ಉದ್ದ ತಗೊಳ್ರಿ. ಸುತ್ತಳತಿನ ಸುತ್ತಳತಿಗೆ ಗುಣಿಸಿ, ಅದನ್ನ ಉದ್ದಕ್ಕ ಗುಣಿಸಿ, 11,880ರಿಂದ ಭಾಗಿಸಿದ್ರ ಹೆಚ್ಚು ಕಡಿಮಿ ಕುದುರಿ ತೂಕ ಕೆಜಿಯಾಗ ಬರತೈತಿ. ಸುತ್ತಳತಿ 145, ಉದ್ದ 150 ಅಂತ ಇಟ್ಕೊಂಡ್ರ 265 ಕೆಜಿ ಆತು. ಕುದುರಿ ತನ್ನ ತೂಕದ ಐದರಾಗ ಒಂದು ಭಾಗ ಹೊರಬಹುದು ಅನ್ನೋದು ಸಾಮಾನ್ಯ ಲೆಕ್ಕ, ಅಂದ್ರ 53 ಕೆಜಿ, ಜೀನು ಸೇರಿ. ನಮ್ಮ ಮದುಮಗ ಎಪ್ಪತ್ತೈದು ಕೆಜಿ, ಜೀನು ಜೂಲಾ ಹದಿನೈದು, ಮುಂದ ಅಕ್ಕನ ಮಗನ್ನ ಒಬ್ಬನ್ನ ಕುಂಡ್ರಿಸಿರ್ತಾರ. ಹೊತ್ತು ನಡಿಯೋದು ಇರ್ಲಿ, ಡಿಜೆ ಮುಂದ ಮುಕ್ಕಾಲು ತಾಸು ನಿಂತಲ್ಲೇ ಹೊತ್ಕೊಂಡು ನಿಲ್ಲೋದೈತಲ್ಲ, ಅದು ಬೆನ್ನು ಮುರಿಯೋ ಕೆಲಸ. ಡಾನ್ಸ್ ಶುರು ಆದ್ರ ಮದುಮಗನ್ನ ಕೆಳಗ ಇಳಸ್ರಿ, ಮತ್ತ ಹೊಂಡೋ ಮುಂದ ಹತ್ತಿಸ್ರಿ. ಫೋಟೋದೋರು ಬೈತಾರ, ಬೈಸ್ಕೊಳ್ರಿ.

ಎಡಕ್ಕ ತಿರುಗಾಕ ಒಲ್ಲೆ ಅನ್ನೋದಕ್ಕ ಮಾತ್ರ ಬರೇ ಜೀನು ಕಾರಣ ಇರಲಿಕ್ಕಿಲ್ಲ, ಬಾಯಿ ನೋಡ್ಬೇಕು. ಕುದುರಿ ಹಲ್ಲು ಜೀವಮಾನದ ಹೆಚ್ಚಿನ ಕಾಲ ಒಸಡಿನಿಂದ ಹೊರಗ ಬರ್ತಾನ ಇರ್ತಾವ, ವರ್ಷಕ್ಕ ಎರಡು ಮೂರು ಮಿಲಿಮೀಟರ್. ಸವೆಯೋದು ಸಮ ಇರಲಿಲ್ಲಂದ್ರ ಮ್ಯಾಲಿನ ದವಡಿ ಹಲ್ಲು ಹೊರಗಡಿ ಚೂಪಾಗಿ ಕೆನ್ನಿ ಕೊಯ್ತಾವ, ಕೆಳಗಿನವು ಒಳಗಡಿ ನಾಲಗಿ ಕೊಯ್ತಾವ. ಆ ಕಡಿ ಲಗಾಮು ಎಳದ್ರ ನೋವು, ತಲಿ ಎತ್ತಿ ಕುತ್ತಿಗಿ ಬಿಗಿ ಹಿಡೀತಾವ, ಕುತ್ತಿಗಿ ಬಿಗಿ ಹಿಡದ್ರ ಬೆನ್ನೂ ಬಿಗಿ. ಮೇವು ಅಗಿದು ಉಂಡಿ ಮಾಡಿ ಉಗುಳಿದ್ದು ಗ್ವಾದಲಿಯಾಗ ಬಿದ್ದಿರತೈತೇನು ನೋಡ್ರಿ. ಡಾಕ್ಟರ್ ವರ್ಷಕ್ಕೊಮ್ಮೆ ಅರ ಹಾಕಿ ತಿಕ್ಕಿ ಕೊಡ್ತಾರ. ಮುಳ್ಳಿನ ಕಡಿವಾಣ ಹಾಕಾಕತ್ತಿದ್ರ ಇವತ್ತ ಬಿಸಾಕ್ರಿ, ಗಾಡಿ ಎಳೆಯೋ, ಭಾರ ಹೊರೋ ಪ್ರಾಣಿಗಳಿಗೆ ಹಿಂಸೆ ಆಗದಂಗ ಮಾಡಿದ 1965ರ ನಿಯಮದ ಪ್ರಕಾರ ಅದು ಕಾನೂನಿಗೂ ವಿರುದ್ಧ. ಗೊರಸಿಂದೂ ಹಂಗ, ತಿಂಗಳಿಗೆ ಹತ್ರ ಹತ್ರ ಒಂದು ಸೆಂಟಿಮೀಟರ್ ಬೆಳೀತಾವ, ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿಸಿ ಲಾಳ ಹೊಸದು ಕಟ್ಟಿಸಬೇಕು. ಲಾಳ ಸವೆದಿಲ್ಲ ಅಂತ ನಾಲ್ಕು ತಿಂಗಳು ಬಿಟ್ರ ಗೊರಸು ಮುಂದ ಉದ್ದ ಬೆಳದು ಹಿಮ್ಮಡಿ ಕುಸೀತೈತಿ, ಆ ನಡಿಗಿ ಬೆನ್ನಿಗೆ ಬಂದು ಮುಟ್ಟತೈತಿ.

ಇಷ್ಟು ನೋಡಿದ ಮ್ಯಾಲ ಕೈ. ಹೆಂಗ ಅನ್ನೋದು ಬರದು ತಿಳಿಸೋದು ಕಷ್ಟ, ರಾಯಚೂರಿನಾಗ ಒಂದು ಸಂಜಿ ನಡೆದದ್ದು ಹೇಳ್ತೀನಿ. ತೀನ್ ಕಂದೀಲ್ ಹಿಂದಿನ ಓಣಿಯಾಗ ಒಂದು ಕಂದು ಕುದುರಿ, ಮುಟ್ಟಗೊಡ್ತಿದ್ದಿಲ್ಲ. ಗಟ್ಟಿ ಕಟ್ಟಿ ಹಾಕಿದ್ರು, ಮೊದಲ ಬಿಚ್ಚಿಸಿದೆ, ಹುಡುಗ ಒಬ್ಬ ಹಗ್ಗ ಸಡಿಲ ಹಿಡಕೊಂಡು ನಾನು ನಿಂತ ಕಡೀನ ನಿಂತ. ಕಟ್ಟಿದ ಕುದುರಿಗೆ ಓಡಿ ಹೋಗಾಕ ಆಗಂಗಿಲ್ಲ ಅನ್ನೋದ ಒಂದು ಟೆನ್ಶನ್. ಅಂಗೈ ಪೂರ್ತಿ ಚಪ್ಪಟಿ ಮಾಡಿ ಹೆಗಲ ದಿಬ್ಬದ ಬಾಜೂಕ ಇಟ್ಟೆ, ಇಟ್ಟೆ ಅಷ್ಟ, ಒತ್ತಲಿಲ್ಲ. ಮಾಗಿದ ಟೊಮ್ಯಾಟೊ ಕೈಯಾಗ ಹಿಡದಷ್ಟು. ಅದರ ಉಸಿರಿಗೆ ನನ್ನ ಕೈ ಏರಿ ಇಳಿಯೋತನಕ ಕಾದೆ. ಆಮ್ಯಾಲ ಕಿವಿ ಹಿಂದಿಂದ ಶುರು ಮಾಡಿ ಕುತ್ತಿಗಿ ಗುಂಟ, ಹೆಗಲು, ಬೆನ್ನೆಲುಬಿನಿಂದ ನಾಲ್ಕು ಬೆರಳು ಕೆಳಗ ಹಗ್ಗದಂಗ ಉದ್ದಕ್ಕ ಹೋಗೋ ಮಸಲ್ ಮ್ಯಾಲ ಮೂರು ಬೆರಳು ಇಟ್ಟು ನಿಧಾನಕ್ಕ ಹಿಂದ ಹೋದೆ, ಇರುವಿ ಹೋದಷ್ಟು ನಿಧಾನ. ಹದಿನಾಲ್ಕು ಹದಿನೈದನೇ ಪಕ್ಕೆಲುಬಿನ ಹತ್ರ ಬಂದಾಗ ಕಣ್ಣು ಮಿಟುಕಿಸ್ತು. ಮತ್ತ ಒಂದು ಸಲ ಅಲ್ಲೇ ಹಾಯ್ದೆ, ಮತ್ತ ಮಿಟುಕಿಸ್ತು. ನಿಂತೆ. ಬೆರಳು ತೆಗೀಲಿಲ್ಲ, ಒತ್ತಲೂ ಇಲ್ಲ, ಬೆರಳ ಕೆಳಗ ಮಾತ್ರ ಆ ಜಾಗ ಬಾಜೂಕಿನದಕ್ಕಿಂತ ಬಿಸಿ ಇತ್ತು. ಅರ್ಧ ನಿಮಿಷ ಆತು, ಒಂದು ನಿಮಿಷ ಆತು, ಹಗ್ಗ ಹಿಡದ ಹುಡುಗ ಡಾಕ್ಟ್ರಿಗೆ ನಿದ್ದಿ ಬಂತೇನೋ ಅನ್ನೋವಂಗ ನನ್ನ ಮುಖ ನೋಡಾಕತ್ತ. ಆಗ ಕೆಳತುಟಿ ನಡುಗ್ತು, ಹಿಂಗಾಲು ಒಂದು ಸಡಿಲ ಬಿಡ್ತು, ತಲಿ ಎರಡು ಗೇಣು ಕೆಳಗ ಬಂತು, ಆಮ್ಯಾಲ ಬಾಯಿ ತೆಗೆದು ಒಂದರ ಹಿಂದ ಒಂದು ನಾಲ್ಕು ಆಕಳಿಕಿ. ಮಾಲೀಕ ಗಾಬರಿ ಆಗಿ ಏನಾತ್ರಿ ಇದಕ್ಕ ಅಂದ. ಹೆದರಿದ ಕುದುರಿ ಬಾಯಿ ಒಣಗಿರತೈತಿ, ಮೈ ಸಡಿಲ ಆದಾಗ ಜೊಲ್ಲು ಬರತೈತಿ, ಅದಕ್ಕ ಬಾಯಿ ನೆಕ್ಕೋದು ಚಪ್ಪರಿಸೋದು ಮಾಡ್ತಾವ. ಮರುದಿನ ಜೀನು ತಿರುವಿ ನೋಡಿದ್ರ ಸರಿಯಾಗಿ ಅದ ಜಾಗಕ್ಕ ಒಳಗ ಒಂದು ಮೊಳೆ ತಲಿ ಎದ್ದಿತ್ತು.

ಅಷ್ಟರಿ ಕೆಲಸ. ರೊಟ್ಟಿ ಬಡದಂಗ ಬಡಿಯೋದಲ್ಲ. ರಾಣಿಗೂ ಹಿಂಗ ಮಾಡ್ರಿ, ಕುತ್ತಿಗಿ ಒಂದು ಕಡಿ ಐದು ನಿಮಿಷ, ಬೆನ್ನು ಒಂದು ಕಡಿ ಐದು ನಿಮಿಷ, ಎರಡೂ ಬಾಜು ಸೇರಿ ಇಪ್ಪತ್ತು ನಿಮಿಷಕ್ಕ ಮುಗಸ್ರಿ, ದಿನ ಬಿಟ್ಟು ದಿನ ಸಾಕು. ಬೆನ್ನೆಲುಬಿನ ಮ್ಯಾಲ ಸೀದಾ ಒತ್ತಬ್ಯಾಡ್ರಿ, ಸೊಂಟದ ಭಾಗದಾಗ ಇನ್ನೂ ಹಗುರ. ಮಂಡಿ ಕೆಳಗ ಕಾಲಿಗೆ ತಿಕ್ಕೋದು ಬೇಕಾಗಿಲ್ಲ, ಅಲ್ಲಿ ಮಸಲ್ಲ ಇಲ್ಲ, ಬರೇ ನರದಂಥ ಹುರಿ ಮತ್ತ ಎಲುಬು, ಅಲ್ಲಿ ಬಿಸಿ ಬಾವು ಐತೇನು ಅಂತ ಅಷ್ಟ ಮುಟ್ಟಿ ನೋಡ್ರಿ. ಹೆಗಲಿನ ಕಡಿ ಮಾತ್ರ ಸಮಯ ಕೊಡ್ರಿ. ನಮಗ ಕೊರಳ ಕೆಳಗ ಅಡ್ಡ ಎಲುಬು ಐತಲ್ಲ, ಕುದುರಿಗೆ ಅದು ಇಲ್ಲ. ಮುಂಗಾಲು ಮೈಗೆ ಎಲುಬಿಲೆ ಜೋಡಿಸಿಲ್ಲ, ಬರೇ ಮಸಲ್ಲಿಲೆ ತೊಟ್ಟಿಲಿನಂಗ ಎದಿ ನೇತು ಹಾಕೇತಿ, ಮೈ ಭಾರದಾಗ ನೂರಕ್ಕ ಅರವತ್ತು ಭಾಗ ಮುಂಗಾಲಿನ ಮ್ಯಾಲ. ಮ್ಯಾಲ ಮದುಮಗ. ಹೆಗಲ ಎಲುಬಿನ ಹಿಂದಿನ ಅಂಚು, ಎದಿ ಮುಂದಿನ ಎರಡು ಗಡ್ಡಿ, ಇವು ಬಿಗಿ ಇದ್ದ ಇರ್ತಾವ.

ಕೈ ಇಟ್ಟಾಗ ಮೈ ಸರಿಸಿದ್ರ, ಉಸಿರು ಹಿಡದ್ರ, ಬಾಲ ಬೀಸಿದ್ರ ನೀವು ಜೋರು ಆಗೀರಿ ಅಂತ, ಕೈ ಇನ್ನೂ ಹಗುರ ಮಾಡ್ರಿ. ಹಿಂಗಾಲಿನ ಹಿಂದ ಸೀದಾ ನಿಲ್ಲಬ್ಯಾಡ್ರಿ, ಕಾಲಿಗೆ ಬೂಟ್ ಇರ್ಲಿ, ಸಣ್ಣ ಹುಡುಗರನ್ನ ದೂರ ಇಡ್ರಿ.

ಎಣ್ಣಿ ಬ್ಯಾಡ. ಎಳ್ಳೆಣ್ಣಿ ಹಚ್ಚಿದ್ರ ಬೆರಳು ಜಾರಿ ನಿಮಗ ಏನೂ ತಿಳಿಯಂಗಿಲ್ಲ, ನಮ್ಮ ಕಡಿ ಧೂಳು ಕೂದಲಿಗೆ ಮೆತ್ತಿ ಜೀನಿನ ಕೆಳಗ ಉಪ್ಪುಕಾಗದದಂಗ ತಿಕ್ಕತೈತಿ. ಟರ್ಪೆಂಟೈನ್ ಅಂತೂ ಚರ್ಮ ಸುಡತೈತಿ. ನೋವಿನ ಇಂಜೆಕ್ಷನ್ ಹಾಕ್ಸಿ ಅವತ್ತ ಮದುವಿಗೆ ಕಳಸೋದೂ ಬ್ಯಾಡ್ರಿ, ನೋವು ಮುಚ್ಚತೈತಿ, ಪೆಟ್ಟು ಹೆಚ್ಚಾಗತೈತಿ, ಬಿಸಿಲಾಗ ನೀರು ಕಡಿಮಿ ಕುಡಿದಿದ್ರ ಮೂತ್ರಪಿಂಡಕ್ಕೂ ಕುತ್ತು.

ಮಸಾಜ್‌ಗಿಂತ ನಾನು ಜಾಸ್ತಿ ನಂಬೋದು ಗಜ್ಜರಿ. ನಗಬ್ಯಾಡ್ರಿ. ಗಜ್ಜರಿ ತೋರಿಸಿ ಕುದುರಿ ಮೂತಿನ ಎದಿಗೆ ತರಸೋದು, ಆಮ್ಯಾಲ ಮುಂಗಾಲಿನ ನಡುವ ಕೆಳಗ, ಆಮ್ಯಾಲ ಬಾಜೂಕ ತಿರುಗಿಸಿ ಹೊಟ್ಟಿ ಪಟ್ಟಿ ಜಾಗಕ್ಕ, ಆಮ್ಯಾಲ ತೊಡಿ ಕಡಿ. ಕಾಲು ಎತ್ತಿ ಸರೀಬಾರದು, ನಿಂತಲ್ಲೇ ಕುತ್ತಿಗಿ ಬಗ್ಗಬೇಕು, ಐದು ಸೆಕೆಂಡ್ ಹಿಡಿಸಿ ಕೊಟ್ಟುಬಿಡೋದು. ಅಮೆರಿಕದ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯೋರು ಇದನ್ನ ವಾರಕ್ಕ ಐದು ದಿನ, ಮೂರು ತಿಂಗಳು ಮಾಡಿಸಿ ಸ್ಕ್ಯಾನ್ ಮಾಡಿ ನೋಡಿದ್ರು, ಬೆನ್ನೆಲುಬಿಗೆ ಅಂಟಿಕೊಂಡಿರೋ ಆಳದ ಸಣ್ಣ ಮಸಲ್ ಖರೇನ ದಪ್ಪ ಆಗಿದ್ದವು, 2011ರಾಗ ಅದು ಪ್ರಕಟ ಆತು. ಎಂಟ ಕುದುರಿ ಮ್ಯಾಲ ಮಾಡಿದ್ದು, ಭಾಳ ದೊಡ್ಡದಲ್ಲ, ಆದ್ರ ಖರ್ಚಿಲ್ದ ಮಾಡಬಹುದಾದ್ದು. ರಾಣಿಗೆ ಎಡಕ್ಕ ಬರಂಗಿಲ್ಲ ಅಂದ್ರ ಮೊದಲ ವಾರ ಹೆಗಲತನಕ ಬಂದ್ರ ಸಾಕು, ಎಳದು ತಿರುಗಿಸಬ್ಯಾಡ್ರಿ, ಗಜ್ಜರಿ ಆಸೆಗೆ ಆಕಿನ ಬರ್ಲಿ. ಪೂರ್ತಿ ಬಲಕ್ಕ ಬಂದು ಎಡಕ್ಕ ಅರ್ಧಕ್ಕ ನಿಂತ್ರ ಯಾವ ಅಳತಿಗೆ ನಿಲ್ತು ಅಂತ ಗ್ವಾಡಿ ಮ್ಯಾಲ ಬರ್ಕೊಳ್ರಿ.

ಸೀಜನ್ ಬಿಟ್ಟು ರೆಸ್ಟ್ ಕೊಟ್ರ ಹೊಟ್ಟಿಗೇನು ಅಂತ ಕೇಳ್ತೀರಿ, ಗೊತ್ತೈತಿ. ವಿಜಯನಗರಕ್ಕ ಬಂದಿದ್ದ ನ್ಯೂನಿಜ್ ಅನ್ನೋ ಪೋರ್ಚುಗೀಸ್ ಕುದುರಿ ವ್ಯಾಪಾರಿ ಬರೀತಾನ, ಸಾಳುವ ನರಸಿಂಹನ ಕಾಲದಾಗ ಹಡಗಿನ್ಯಾಗ ಸತ್ತ ಕುದುರಿದು ಬಾಲ ತಂದು ತೋರಿಸಿದ್ರೂ ಜೀವಂತ ಕುದುರಿಯಷ್ಟ ರೊಕ್ಕ ಕೊಡ್ತಿದ್ದನಂತ. ನೀವಿರೋದು ಆನೆಗುಂದಿ ಸೀಮಿ, ಆದ್ರ ಅಂಥ ರಾಜ ಈಗ ಸಿಗಂಗಿಲ್ಲ. ಆಷಾಢದಾಗ ಹೆಂಗೂ ಮದುವಿ ಇಲ್ಲ, ಆ ತಿಂಗಳು ಪೂರ್ತಿ ಜೀನು ಬ್ಯಾಡ, ಬರೇ ಗಜ್ಜರಿ, ಕೈ, ಮತ್ತ ದಿನಾ ಅರ್ಧ ತಾಸು ಹಗ್ಗ ಹಿಡದು ಕಾ‌ಲುವಿ ದಂಡಿಗುಂಟ ನಡಿಗಿ. ಅಲ್ಲಿತನಕ ಈಗ ಮೂರು ವಾರ ಬಿಡಿಸ್ರಿ, ಜೀನು ರಿಪೇರಿ ಮಾಡ್ಸಿ ಆಮ್ಯಾಲ ಹತ್ರದ ಮದುವಿ ಅಷ್ಟ ಒಪ್ಕೊಳ್ರಿ. ಬ್ಯಾಸಗಿ ಹಗಲು ಮೆರವಣಿಗಿ ಒಪ್ಕೋಬ್ಯಾಡ್ರಿ, 37 ಡಿಗ್ರಿ ದಾಟೋ ಊರಾಗ ಮಧ್ಯಾಹ್ನ 12ರಿಂದ 3ರ ತನಕ ದುಡಿಸಬಾರದು ಅಂತ ಅದ 1965ರ ನಿಯಮ ಹೇಳತೈತಿ, ನಮ್ಮ ಕಡಿ ಮಾರ್ಚ್ ಬಂದ್ರ 37 ಅನ್ನೋದು ತಂಪು. ದುಡದು ಬಂದ ಕುದುರಿ ಮೈಮ್ಯಾಲ ನೀರು ಹಾಕಿದ್ರ ನರ ಹಿಡೀತಾವ ಅನ್ನೋ ಮಾತು ಬಿಡ್ರಿ, ತಣ್ಣೀರು ಸುರಿದು ಕೈಲೆ ಬಳದು ತೆಗೆದು ಮತ್ತ ಸುರೀರಿ, ಉಸಿರು ಇಳಿಯೋತನಕ. ಕುಡಿಯಾಕ ನೀರು, ದಿನಕ್ಕ ಎರಡು ಚಮಚಿ ಉಪ್ಪು ಮೇವಿನಾಗ. ಬೆವರಿನಾಗ ಉಪ್ಪು ಭಾಳ ಹೋದ್ರ ಮಸಲ್ ಹಿಡಕೊಳ್ಳಬಹುದು.

ಇನ್ನ ಉಳಿದದ್ದು ಆ ಮಸಾಜ್ ಗನ್. ಬ್ಯಾಡ್ರಿ. ಡಿಜೆ ಸಪ್ಪಳಕ್ಕ ಹೆದರಿದ ಕುದುರಿಗೆ ಬೆನ್ನ ಮ್ಯಾಲ ಇನ್ನೊಂದು ಮಷಿನ್ ಗುರ್ ಅಂದ್ರ ಒದ್ದ ಒದೀತಾಳ, ಮತ್ತ ಅದು ಎಲುಬಿಗೆ ತಾಗಿದ್ದು ನಿಮಗ ಗೊತ್ತಾಗಂಗಿಲ್ಲ. ಆ ರೊಕ್ಕ ಇದ್ರ ಮೊದಲ ಲಾಳ ಕಟ್ಟೋರನ್ನ ಕರೆಸ್ರಿ, ಉಳದದ್ದರಾಗ ಜೀನಿನ ಒಳಗಿನ ಹತ್ತಿ ಬಿಚ್ಚಿಸಿ ಉಣ್ಣಿ ತುಂಬಿಸ್ರಿ, ಗಾದಿ ಹೊಲಿಯೋರು ಮಾಡಿಕೊಡ್ತಾರ, ಆದ್ರ ಅವರ ಹತ್ರ ಬರೇ ಜೀನು ಒಯ್ಯಬ್ಯಾಡ್ರಿ, ಕುದುರಿನೂ ಹೊಡಕೊಂಡು ಹೋಗ್ರಿ.